ಕಾಫಿ ಕುಟ್ಟದ ಓಣಿ

ಸಿತ್ತನಾಳ ನಾಲಗೆ ಹೊರಳದೆ ಹೋಗಿ ಒಂದು ವಾರವಾಗಿತ್ತು. ಮಾತು ಬರುತ್ತಿತ್ತು, ಊಟವೂ ಒಂದಿಷ್ಟು ಇಳಿಯುತ್ತಿತ್ತು. ಆದರೆ ಮದುವೆಮನೆಯಲ್ಲಿ, ಹೆರಿಗೆಯ ಕೋಣೆಯಲ್ಲಿ ಹೆಂಗಸರು ನಾಲಗೆಯನ್ನು ಸರಸರನೆ ಹೊರಳಿಸಿ ಎತ್ತುವ ಆ ಮಂಗಳದ ಕೂಗು, ಝಗ್ರೂದಾ, ಅದು ಮಾತ್ರ ಅವಳ ಗಂಟಲಲ್ಲೇ ಸತ್ತುಹೋಗಿತ್ತು.

ಒಮ್ದುರ್ಮಾನ್ ನಗರದ ಆ ಓಣಿಗೆ ಮೂವತ್ತೈದು ವರ್ಷದಿಂದ ಅವಳೇ ಸೂಲಗಿತ್ತಿ. ಈ ಚಳಿಗಾಲದಲ್ಲಿ ಸರಕಾರದ ವಿರುದ್ಧ ಬೀದಿಗಿಳಿದಿದ್ದ ಹುಡುಗ ಹುಡುಗಿಯರಲ್ಲಿ ಅರ್ಧಕ್ಕರ್ಧ ಜನ ಭೂಮಿಗೆ ಬಿದ್ದಾಗ ಕೇಳಿದ ಮೊದಲ ದನಿ ಅವಳದೇ. ಅದಕ್ಕೇ ಕೇರಿಯ ಸಮಿತಿಯವರು ಅವಳನ್ನು ಕೇಳಿದ್ದು. ಗುರುವಾರ, ಭಾನುವಾರ, ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ಅವಳು ಕೂಗಬೇಕು. ಕೂಗು ಕೇಳಿದೊಡನೆ ಹತ್ತು ಓಣಿಯ ಬಾಗಿಲುಗಳು ಒಟ್ಟಿಗೇ ತೆರೆಯಬೇಕು. ಒಬ್ಬೊಬ್ಬರೇ ಹೊರಬಂದರೆ ಸರಕಾರದ ಪಡೆಯವರು ಹಿಡಿದು ಗಾಡಿಗೆ ಎಸೆಯುತ್ತಾರೆ. ಇನ್ನೂರು ಜನ ಒಂದೇ ಉಸಿರಿಗೆ ಬಂದರೆ ಅದು ಮೆರವಣಿಗೆ.

ಮೂರು ವಾರ ನಡೆಯಿತು. ಪ್ರತಿ ಸಲ ಮೆರವಣಿಗೆ ಚದುರಿದ ಮೇಲೆ ಸಿತ್ತನಾ ಓಣಿಯಲ್ಲಿ ಬಿದ್ದ ಚಪ್ಪಲಿಗಳನ್ನು ಹೆಕ್ಕಿ, ಧೂಳು ಕೊಡವಿ, ಗೋಡೆಯ ಮೇಲೆ ಜೊತೆಗೂಡಿಸಿ ಇಡುತ್ತಿದ್ದಳು. ಸಂಜೆಯೊಳಗೆ ಅವರವರು ಬಂದು ಒಯ್ಯುತ್ತಿದ್ದರು. ನಾಲ್ಕನೆಯ ವಾರಕ್ಕೆ ನಂಬರಿಲ್ಲದ ಗಾಡಿಗಳವರೂ ಕೂಗಿನ ಅರ್ಥ ಕಲಿತುಬಿಟ್ಟರು. ಅವಳು ಕೂಗಿದಳು, ಬಾಗಿಲುಗಳು ತೆರೆದವು, ಓಣಿಯ ಎರಡು ತುದಿಯಲ್ಲೂ ಗಾಡಿಗಳು ನಿಂತಿದ್ದವು. ಹನ್ನೊಂದು ಜನರನ್ನು ಒಯ್ದರು. ಏಳು ಜನ ಊದಿದ ಮುಖ ಹೊತ್ತು ಮರಳಿದರು. ನಾಲ್ವರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಅವರಲ್ಲಿ ಮೂವರು ಸಿತ್ತನಾಳ ಕೈಯಲ್ಲಿ ಹುಟ್ಟಿದವರು.

ನಾನು ಕೂಗಿ ಕರೆದೆ, ಅವರು ಬಂದರು. ಹಗಲೂ ರಾತ್ರಿ ಅವಳಿಗೆ ಅದೊಂದೇ ಯೋಚನೆ.

ಬುಧವಾರ ಸಂಜೆ ಸಮಿತಿ ಅವಳ ಅಂಗಳದಲ್ಲೇ ಸೇರಿತು. ಸಮಿತಿ ಎಂದರೆ ಅಂದು ಇಬ್ಬರೇ: ಔಷಧಿ ಅಂಗಡಿಯ ಮುಜಮ್ಮಿಲ್, ಮತ್ತು ಸಿತ್ತನಾಳ ಮಗಳು ತಸಾಬೀಹ್. ಪಕ್ಕದ ಮನೆಯ ಹಾಜಾ ಬತೂಲ್ ಸಮಿತಿಯವಳಲ್ಲ. ಎರಡು ಮನೆಯ ನಡುವಿನ ಗೋಡೆಯಲ್ಲಿದ್ದ ಪುಟ್ಟ ಬಾಗಿಲಿಂದ ಅವಳು ಕೇಳದೆಯೇ ಬಂದು ಕೂರುವವಳು. ಎಪ್ಪತ್ತೆಂಟು ವರ್ಷ, ಬಾಯಿಯ ತುಂಬ ಬೈಗುಳ.

"ಒಂದು ವಾರ ಸುಮ್ಮನಿರೋಣ. ಜನ ಹೆದರಿದಾರೆ," ಎಂದ ಮುಜಮ್ಮಿಲ್.

"ಒಂದು ವಾರ ಸುಮ್ಮನಿದ್ರೆ ಒಂದು ವರ್ಷ ಸುಮ್ಮನಿರ್ತೀವಿ," ಎಂದಳು ತಸಾಬೀಹ್.

"ಹಾಗಾದ್ರೆ ಸೀಟಿ?"

"ಅವರಿಗೂ ಕಿವಿ ಇದೆ."

"ಮಸೀದಿಯ ಮೈಕು?"

"ಇಮಾಮರು ಈಗಾಗಲೇ ನನ್ನ ಕಂಡರೆ ದಾರಿ ಬದಲಿಸ್ತಾರೆ. ಫೋನಂತೂ ಬೇಡ, ನೆಟ್ ಕಡಿದು ಹತ್ತು ದಿನ ಆಯ್ತು."

ಸಿತ್ತನಾ ಕೆಂಡದ ಮುಂದೆ ಕೂತು ಕಾಫಿಬೀಜ ಹುರಿಯುತ್ತಿದ್ದಳು. ಹುರಿದದ್ದನ್ನು ಮರದ ಪುಟ್ಟ ಒರಳಿಗೆ ಸುರಿದು, ಒಂದು ಚೂರು ಒಣಶುಂಠಿ ಹಾಕಿ, ಒನಕೆ ಎತ್ತಿ ಕುಟ್ಟತೊಡಗಿದಳು. ಟಕ್, ಟಕ್, ಅಂಚಿಗೊಂದು ತಟ್ಟು. ಗೋಡೆಯಾಚೆ ಎಲ್ಲೋ ಇನ್ನೊಂದು ಮನೆಯಲ್ಲೂ ಅದೇ ಸದ್ದು. ಅದರಾಚೆ ಮತ್ತೊಂದು. ಅವಳ ಕೈ ನಿಂತಿತು.

"ಇದು," ಎಂದಳು.

ಮೂವರೂ ಅವಳನ್ನು ನೋಡಿದರು.

"ಕಾಫಿ ಕುಟ್ಟೋ ಸದ್ದು. ಇದನ್ನ ಯಾರು ಅನುಮಾನಿಸ್ತಾರೆ? ಒಂದು ಗಂಟೆಗೆ ನಾನು ಕುಟ್ತೀನಿ. ಕೇಳಿದ ಮನೆಯವರು ಕುಟ್ಟಲಿ, ಅವರದ್ದು ಕೇಳಿ ಪಕ್ಕದ ಓಣಿಯವರು. ಹತ್ತು ಓಣಿಗೂ ಹೋಗುತ್ತೆ. ನಮ್ಮನೆ ಮುಂದಿನ ಬಯಲಲ್ಲಿ ಗಾಡಿ ಕಂಡರೆ ನಾನು ಕುಟ್ಟಲ್ಲ. ಒಂದೂಕಾಲಿನವರೆಗೂ ಸದ್ದು ಬರಲಿಲ್ಲ ಅಂದ್ರೆ ಅವತ್ತಿಗೆ ಇಲ್ಲ, ಎಲ್ಲರೂ ಮನೆಗೆ."

"ಬೇರೆ ಯಾರಾದ್ರೂ ಅದೇ ಹೊತ್ತಿಗೆ ಕುಟ್ಟಿದ್ರೆ?" ತಸಾಬೀಹ್ ಕೇಳಿದಳು.

"ಕುಟ್ಟಬಾರದು. ಆ ಎರಡು ದಿನ, ಹನ್ನೆರಡರಿಂದ ಒಂದೂಕಾಲಿನ ತನಕ ಯಾರೂ ಕಾಫಿ ಕುಟ್ಟಬಾರದು ಅಂತ ಮನೆಮನೆಗೂ ಹೇಳೋಣ."

ಹಾಜಾ ಬತೂಲ್ ಹಣೆ ಬಡಿದುಕೊಂಡಳು. "ಅಯ್ಯೋ ನನ್ನ ಹೊಟ್ಟೆಗೆ ಹುಟ್ಟದ ಶತ್ರುವೇ! ಮಧ್ಯಾಹ್ನದ ಕಾಫಿ ಇಲ್ಲದೆ ನನ್ನ ತಲೆ ಇಬ್ಭಾಗ ಆಗುತ್ತೆ ಅಂತ ನಿನಗೆ ಗೊತ್ತಿಲ್ವಾ? ಸರಕಾರ ಬೀಳೋದಕ್ಕೆ ಮುಂಚೆ ನಾನು ಬೀಳ್ತೀನಿ."

"ಹಾಗಾದ್ರೆ ಬೇಡವಾ ಹಾಜಾ?" ಮುಜಮ್ಮಿಲ್ ನಕ್ಕ.

"ಬೇಡ ಅಂದ್ನಾ? ತಲೆ ನೋಯುತ್ತೆ ಅಂದೆ, ಅಷ್ಟೆ."

ಓಣಿಯ ಮನೆಗಳೆಲ್ಲ ಒಪ್ಪಿದವು. ಕಾಫಿಯಿಲ್ಲದೆ ಗಂಡಸರು ರೇಗಾಡಿದರು, ಮುದುಕಿಯರು ತಲೆಗೆ ಬಟ್ಟೆ ಬಿಗಿದು ಮಲಗಿದರು. ಎದುರುಮನೆಯವಳು ಯಾರೂ ಹೇಳದಿದ್ದರೂ ತನ್ನ ಒರಳನ್ನೇ ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ತಂದು ಸಿತ್ತನಾಳಿಗೆ ಕೊಟ್ಟಳು. "ನನ್ನ ಅತ್ತೆಯನ್ನ ನಂಬೋಕಾಗಲ್ಲ" ಎಂದಳು. ಆ ಗುರುವಾರ ಉಪಾಯ ಫಲಿಸಿತು. ಭಾನುವಾರವೂ ಫಲಿಸಿತು. ಮೂಲೆಯ ಗಾಡಿಗಳು ಬಾರದ ಕೂಗಿಗೆ ಕಿವಿಗೊಟ್ಟು ಕೂತಿದ್ದವು. ಘೋಷಣೆ ಕೇಳಿ ಎಂಜಿನ್ ಹಚ್ಚುವಷ್ಟರಲ್ಲಿ ಜನ ಬಯಲು ದಾಟಿ ದೊಡ್ಡ ರಸ್ತೆ ಸೇರಿದ್ದರು. ಒಬ್ಬರೂ ಸಿಗಲಿಲ್ಲ. ಆದರೂ ಸಿತ್ತನಾಳ ಹೆದರಿಕೆ ಇಳಿಯಲಿಲ್ಲ. ಹೆರಿಗೆ ಸುಸೂತ್ರವಾಗಿ ಆದಾಗಲೇ ಅವಳಿಗೆ ಹೆಚ್ಚು ಭಯ. ರಕ್ತ ಆಮೇಲೆ ಶುರುವಾಗುವುದನ್ನು ಅವಳು ನೋಡಿದ್ದಳು.

ಮುಂದಿನ ಗುರುವಾರ ತಸಾಬೀಹ್ ಹನ್ನೆರಡಕ್ಕೇ ಹೊರಟು ಮೂರನೆಯ ಓಣಿಯ ಗೆಳತಿಯ ಮನೆ ಸೇರಿದಳು. ಅಲ್ಲಿ ಇಪ್ಪತ್ತು ಹೆಣ್ಣುಮಕ್ಕಳು ಬಾಗಿಲ ಹಿಂದೆ ಕಾಯಬೇಕು. ಸದ್ದು ಕೇಳಿದರೆ ಎಲ್ಲ ಓಣಿಗಳವರೂ ಓಡಿ ಬಂದು ಸೇರುವುದು ಸಿತ್ತನಾಳ ಮನೆಯ ಮುಂದಿನ ಬೇವಿನಮರದ ಬಯಲಿಗೆ.

ಸಿತ್ತನಾ ಕೆಂಡ ಮಾಡಿದಳು, ಚಾಪೆ ಹಾಸಿದಳು, ಒರಳನ್ನು ಮುಂದಿಟ್ಟುಕೊಂಡಳು. ಹನ್ನೆರಡೂವರೆಗೆ ಎಂಜಿನ್ನಿನ ಸದ್ದು ಕೇಳಿತು. ಬಾಗಿಲ ಸಂದಿಯಿಂದ ಇಣುಕಿದಳು. ಮೂರು ಗಾಡಿಗಳು, ಬೇವಿನ ನೆರಳಲ್ಲಿ, ಸಾಲಾಗಿ. ಹಿಂದೆ ಕೂತವರ ಮಡಿಲಲ್ಲಿ ಬಂದೂಕು.

ಇವತ್ತು ಇಲ್ಲ. ಅವಳಿಗೆ ಒಂದು ಬಗೆಯಲ್ಲಿ ಹಾಯೆನಿಸಿತು. ಕುಟ್ಟದಿದ್ದರಾಯಿತು. ಸುಮ್ಮನಿರುವುದಕ್ಕಿಂತ ಸುಲಭದ ಕೆಲಸ ಯಾವುದಿದೆ?

ಆಗ ಬಾಗಿಲು ಬಡಿದರು.

"ಸಲಾಮು ಅಲೈಕುಮ್, ಖಾಲಾ. ಸ್ವಲ್ಪ ನೀರು ಸಿಗುತ್ತಾ?"

ಸಾರ್ಜೆಂಟ್ ಒಬ್ಬನೇ ಇದ್ದ. ನಲವತ್ತರ ಆಸುಪಾಸು, ನಿದ್ದೆಗೆಟ್ಟ ಕಣ್ಣು, ಪೌಡರಿನಂತೆ ಧೂಳು ಕೂತ ಮೀಸೆ. ನೀರು ಕೇಳಿದವನಿಗೆ ಇಲ್ಲವೆನ್ನುವುದು ಹೇಗೆ? ಮಣ್ಣಿನ ಹಂಡೆಯಿಂದ ಚೊಂಬು ತುಂಬಿ ಕೊಟ್ಟಳು. ಅವನು ಕುಡಿದು, ಉಳಿದದ್ದನ್ನು ಕುತ್ತಿಗೆಗೆ ಸುರಿದುಕೊಂಡು, ಅಂಗಳದ ಹಗ್ಗದ ಮಂಚದ ಮೇಲೆ ಕೂತುಬಿಟ್ಟ. ಬೂಟಿನ ಕಾಲು ಚಾಪೆಗೆ ತಾಗದಂತೆ ಪಕ್ಕಕ್ಕೆ ಎಳೆದುಕೊಂಡದ್ದನ್ನು ಅವಳು ಗಮನಿಸಿದಳು. ಗಮನಿಸಿ ಇನ್ನಷ್ಟು ಹೆದರಿದಳು. ಹೀಗೆ ಕೂತವನು ಬೇಗ ಏಳುವುದಿಲ್ಲ.

ಅವನ ಕಣ್ಣು ಕೆಂಡದ ಮೇಲೆ, ಬೀಜದ ಡಬ್ಬಿಯ ಮೇಲೆ, ಒರಳಿನ ಮೇಲೆ ಹರಿಯಿತು.

"ಓಹೋ, ಕಾಫಿಗೆ ಕೂತಿದ್ರಾ? ಒಳ್ಳೇ ಹೊತ್ತಿಗೆ ಬಂದೆ."

ಆ ಬುಧವಾರ ನಾಲ್ಕು ತಲೆ ಸೇರಿ ಗಾಡಿಯನ್ನು ಲೆಕ್ಕ ಹಾಕಿದ್ದವು, ಬಂದೂಕನ್ನು ಲೆಕ್ಕ ಹಾಕಿದ್ದವು. ಅತಿಥಿಯನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ಕೆಂಡ ಉರಿಯುತ್ತಿರುವ ಮನೆಯಲ್ಲಿ ಕೂತವನಿಗೆ ಕಾಫಿ ಕೊಡದೆ ಕಳಿಸಿದ ಹೆಂಗಸು ಈ ಊರಿನಲ್ಲಿಲ್ಲ. ಕೊಡುವುದಾದರೆ ಕುಟ್ಟಬೇಕು. ಕುಟ್ಟಿದರೆ ಹತ್ತು ಓಣಿಯ ಬಾಗಿಲು ತೆರೆಯುತ್ತದೆ. ಮೊದಲು ಓಡಿ ಬರುವವಳು ತಸಾಬೀಹ್. ಚಿಕ್ಕಂದಿನಿಂದಲೂ ಅವಳ ಕಾಲು ಚುರುಕು.

"ಚಹಾ ಮಾಡ್ಲಾ, ಮಗಾ? ಪುದೀನಾ ಇದೆ," ಎಂದಳು.

"ಬೇಡ ಖಾಲಾ, ಬೆಳಗಿನಿಂದ ಚಹಾನೇ. ಕಾಫಿ ಮಾಡಿ. ನಾನೇನು ಅವಸರದಲ್ಲಿಲ್ಲ."

ಅವಳು ಬೀಜವನ್ನು ತಟ್ಟೆಗೆ ಸುರಿದು ಒಂದೊಂದೇ ಆರಿಸತೊಡಗಿದಳು. ಇಲ್ಲದ ಕಲ್ಲು ಹುಡುಕಿದಳು. ನೀರಲ್ಲಿ ತೊಳೆದಳು, ಬಟ್ಟೆಯಲ್ಲಿ ಒರೆಸಿದಳು. ಸೂಲಗಿತ್ತಿಯ ಕೈಗಡಿಯಾರದಲ್ಲಿ ಹನ್ನೆರಡು ನಲವತ್ತು. ಒಂದೂಕಾಲಿಗೆ ಇನ್ನೂ ಮೂವತ್ತೈದು ನಿಮಿಷ.

"ನಿಮ್ಮ ಓಣಿ ಬಹಳ ಶಾಂತ, ಖಾಲಾ," ಅವನು ಮೀಸೆ ಒರೆಸಿಕೊಂಡ. "ಹೋದ ಭಾನುವಾರ ಎರಡು ಗಂಟೆ ಹೊತ್ತು ಮೂಲೆಯಲ್ಲಿ ಕೂತಿದ್ದೆ. ಝಗ್ರೂದಾ ಇಲ್ಲ, ಸೀಟಿ ಇಲ್ಲ. ಇದ್ದಕ್ಕಿದ್ದ ಹಾಗೆ ಇರುವೆ ಎದ್ದ ಹಾಗೆ ಜನ. ಯಾರು ಕರೆದ್ರು ಇವರನ್ನ?"

"ನನಗೇನು ಗೊತ್ತು ಮಗಾ. ನಾನು ಹೆರಿಗೆ ಮಾಡಿಸೋಳು."

"ಅದೇ ಯೋಚನೆ ಮಾಡ್ತಿದ್ದೆ. ಆಮೇಲೆ ಇನ್ನೊಂದು ಹೊಳೀತು. ನಡುಹಗಲು, ಗಾಳಿ ನಮ್ಮ ಕಡೆಗೇ ಇತ್ತು. ಒಂದು ಮನೆಯಿಂದಲೂ ಕಾಫಿ ವಾಸನೆ ಇಲ್ಲ. ಒಂದು ಗಂಟೆ ತನಕ ಕುಟ್ಟೋ ಸದ್ದೂ ಇಲ್ಲ. ನಮ್ಮಮ್ಮ ಜ್ವರದಲ್ಲಿದ್ರೂ ಎದ್ದು ಕುಟ್ಟೋಳು. ಮಧ್ಯಾಹ್ನ ಕಾಫಿ ಕುಟ್ಟದ ಓಣಿ ಒಮ್ದುರ್ಮಾನಲ್ಲಿ ಇದೆಯಾ, ಖಾಲಾ? ನೀವೇ ಹೇಳಿ."

ಸದ್ದು ಮಾಡಿದರೆ ಸಿಕ್ಕಿಬೀಳುತ್ತೇವೆಂದು ಅವರು ಹೆದರಿದ್ದರು. ಸುಮ್ಮನಿದ್ದದ್ದಕ್ಕೇ ಸಿಕ್ಕಿಬಿದ್ದಿದ್ದರು. ಇವನಿಗೆ ಗೊತ್ತೋ? ಅರ್ಧ ಗೊತ್ತೋ? ಇಲ್ಲ, ಬಿಸಿಲಲ್ಲಿ ಕೂತು ಕೂತು ಅಮ್ಮನ ನೆನಪಾದ ಮನುಷ್ಯನೋ? ಆ ನಿದ್ದೆಗೆಟ್ಟ ಕಣ್ಣುಗಳಲ್ಲಿ ಅವಳಿಗೆ ಏನೂ ಓದಲಾಗಲಿಲ್ಲ.

"ಬೀಜ ಸಿಗಲ್ಲ ಮಗಾ ಈಗ," ಎಂದಳು.

"ನಿಮ್ಮ ಡಬ್ಬಿ ತುಂಬಿದೆ."

ಅವಳು ಬಾಣಲೆ ಕೆಂಡದ ಮೇಲಿಟ್ಟಳು. ಬೀಜ ಹೊಗೆಯಾಡಿತು, ಸಿಡಿಯಿತು. ಅವಳು ತೆಗೆಯಲಿಲ್ಲ. ಕಮಟು ವಾಸನೆ ಎದ್ದಿತು, ಬೀಜ ಇದ್ದಿಲಾಯಿತು. "ಅಯ್ಯೋ, ಸುಟ್ಟುಹೋಯ್ತು" ಎಂದು ತಿಪ್ಪೆಗೆ ಚೆಲ್ಲಿ, ಮತ್ತೊಂದು ಹಿಡಿ ತೆಗೆದುಕೊಂಡಳು.

"ಕೈ ನಡುಗ್ತಿದೆ, ಖಾಲಾ."

"ವಯಸ್ಸು."

"ಈ ಕೈಯಲ್ಲಿ ಮಕ್ಕಳನ್ನ ಹಿಡೀತೀರಾ?" ಅವನು ನಕ್ಕ. ನಗು ಕೆಟ್ಟದ್ದಾಗಿರಲಿಲ್ಲ.

ಹನ್ನೆರಡು ಐವತ್ತೆಂಟು. ಎರಡನೆಯ ಹಿಡಿಯನ್ನು ಸುಡುವಂತಿರಲಿಲ್ಲ. ಅದು ಕಂದು ಬಣ್ಣಕ್ಕೆ ಬಂದು ಘಮ್ಮೆಂದಿತು. ಒರಳಿಗೆ ಸುರಿದಳು. ಶುಂಠಿ ಹುಡುಕಲು ಎದ್ದಳು. ಶುಂಠಿ ಅಲ್ಲೇ ಇತ್ತು, ಅವನೇ ಎತ್ತಿಕೊಟ್ಟ. ಮೈಗೆ ಸುತ್ತಿದ ತೋಬಿನ ಸೆರಗು ಜಾರಿತೆಂದು ಮತ್ತೆ ಮತ್ತೆ ತಲೆಗೆಳೆದುಕೊಂಡಳು. ಒನಕೆ ಮುಟ್ಟಲು ಕೈ ಬರಲಿಲ್ಲ.

"ನೀವು ಸುಸ್ತಾಗಿದೀರಿ. ಇಲ್ಲಿ ಕೊಡಿ," ಅವನು ಮಂಚದಿಂದಿಳಿದು ಮಂಡಿಯೂರಿ ಕೂತ. "ಅಮ್ಮನಿಗೆ ನಾನೇ ಕುಟ್ಟಿ ಕೊಡ್ತಿದ್ದೆ. ಕೈಗೆ ಇನ್ನೂ ಬರುತ್ತೆ."

ಅವನು ಒನಕೆ ಎತ್ತಿದ.

ಸಿತ್ತನಾ ಒರಳಿನ ಬಾಯಿಗೆ ತನ್ನ ಅಂಗೈ ಇಟ್ಟಳು. ಯೋಚಿಸಿ ಇಟ್ಟದ್ದಲ್ಲ, ಬೀಳುವ ಮಗುವಿಗೆ ಕೈ ಚಾಚಿದ ಹಾಗೆ ಅದು ತಾನೇ ಹೋಯಿತು. ಒನಕೆ ಮೇಲೆಯೇ ನಿಂತಿತು. ಅವನು ಅವಳ ಮುಖ ನೋಡಿದ. ಅವಳು ಅವನ ಮುಖ ನೋಡಿದಳು.

ಗೋಡೆಯ ಪುಟ್ಟ ಬಾಗಿಲು ಧಡಾರೆಂದು ತೆರೆಯಿತು.

"ಏನೇ ಇದು, ನಾಚಿಕೆಗೆಟ್ಟವಳೇ!" ಹಾಜಾ ಬತೂಲ್ ತಟ್ಟೆ ಹಿಡಿದು ಬರುತ್ತಿದ್ದಳು. ತಟ್ಟೆಯಲ್ಲಿ ಜಬನಾ ಎಂಬ ಉದ್ದ ಕತ್ತಿನ ಕಾಫಿ ಹೂಜಿ, ಮೂರು ಬಟ್ಟಲು, ಒಂದಿಷ್ಟು ಖರ್ಜೂರ. "ಮನೆಗೆ ಬಂದೋನ ಕೈಲಿ ಕುಟ್ಟಿಸ್ತೀಯಾ? ಅವನ ತಾಯಿ ಕೇಳಿದ್ರೆ ನಮ್ಮ ಓಣಿಗೆ ಏನಂತಾಳೆ? ಇಡು ಮಗಾ ಅದನ್ನ ಕೆಳಗೆ. ಇವಳ ಕಾಫಿ ಕುಡಿದ್ರೆ ನೀನು ಸರಕಾರಾನೂ ಬಿಡ್ತೀಯ, ದೇಶಾನೂ ಬಿಡ್ತೀಯ. ಮಕ್ಕಳನ್ನ ಹಿಡಿಯೋಕೆ ಸರಿ ಇವಳು, ಕಾಫಿಗಲ್ಲ. ಸುಟ್ಟ ವಾಸನೆ ನನ್ನ ಮನೆಗೆ ಬಂತು. ಅದಕ್ಕೇ ತಂದೆ."

ಒನಕೆಯನ್ನು ಅವನ ಕೈಯಿಂದ ಕಿತ್ತುಕೊಂಡೇ ಬಿಟ್ಟಳು. ಸಾರ್ಜೆಂಟ್ ಬೈಸಿಕೊಂಡ ಮಗನ ಹಾಗೆ ಮತ್ತೆ ಮಂಚಕ್ಕೆ ಹತ್ತಿ ಕೂತ.

ಸಿತ್ತನಾ ಅವಳನ್ನೇ ನೋಡುತ್ತಿದ್ದಳು. ಒಂದು ವಾರದಿಂದ ತಲೆನೋವೆಂದು ಓಣಿಗೆಲ್ಲ ಕೇಳುವಂತೆ ನರಳುತ್ತಿದ್ದ ಮುದುಕಿ ಬೆಳಗಿನ ಹೊತ್ತೇ ಕುಟ್ಟಿ, ಪುಡಿಯನ್ನು ಬಚ್ಚಿಟ್ಟುಕೊಂಡು, ಸದ್ದಿಲ್ಲದೆ ಕುದಿಸಿ ಕುಡಿಯುತ್ತಿದ್ದಳಲ್ಲ! ಅವಳ ಬೈಗುಳ ಒಂದಿಷ್ಟೂ ನಡುಗಲಿಲ್ಲ.

ಮೊದಲ ಬಟ್ಟಲು. "ಎರಡನೇದು ಕುಡಿಯದೆ ಎದ್ದರೆ ನನಗೆ ಅವಮಾನ" ಎಂದು ಎರಡನೆಯದು. ಒಂದು ಗಂಟೆಯಾಯಿತು. ಓಣಿ ಗೋರಿಯ ಹಾಗಿತ್ತು. ಗೋಡೆಗಳಾಚೆ ಇನ್ನೂರು ಜನ ಉಸಿರು ಬಿಗಿಹಿಡಿದು ಕಿವಿಗೊಟ್ಟಿದ್ದಾರೆಂಬುದು ಸಿತ್ತನಾಳಿಗೆ ಚರ್ಮದ ಮೇಲೆ ತಿಳಿಯುತ್ತಿತ್ತು. ಯಾರದಾದರೂ ಕೈಯಿಂದ ಒಂದು ಚಮಚ ಬಿದ್ದರೂ ಸಾಕು. ಮೂರನೆಯ ಬಟ್ಟಲನ್ನು ಅವನು ನಿಧಾನವಾಗಿ ಕುಡಿದ. ಖರ್ಜೂರದ ಬೀಜಗಳನ್ನು ಅಂಗೈಯಲ್ಲೇ ಹಿಡಿದುಕೊಂಡು ಎಲ್ಲಿ ಹಾಕಲಿ ಎಂಬಂತೆ ನೋಡಿದ. ಸಿತ್ತನಾ ತಟ್ಟೆ ಚಾಚಿದಳು.

ಒಂದೂಕಾಲು. ಒಂದು ಇಪ್ಪತ್ತು. ಅವನು ಎದ್ದ.

"ಬಹಳ ಚೆನ್ನಾಗಿತ್ತು, ಹಾಜಾ. ಯಾವಾಗ ಕುಟ್ಟಿದ್ದು? ನನಗೆ ಕೇಳಿಸಲೇ ಇಲ್ಲ."

"ಬೆಳಿಗ್ಗೆ," ಎಂದಳು ಬತೂಲ್. "ಮುದುಕಿ ನಾನು. ಮಧ್ಯಾಹ್ನ ತೋಳು ಏಳಲ್ಲ."

"ಹೂಂ." ಅವನು ಟೋಪಿ ಇಟ್ಟುಕೊಂಡ. ಬಾಗಿಲ ಬಳಿ ನಿಂತು, ಹೊರಗಿನವರಿಗೆ ಕೇಳಿಸದಷ್ಟು ತಗ್ಗಿದ ದನಿಯಲ್ಲಿ ಹೇಳಿದ: "ನಾಳೆಯಿಂದ ಮಧ್ಯಾಹ್ನ ಕುಟ್ಟಿ, ಖಾಲಾ. ಎಲ್ಲರೂ ಕುಟ್ಟಲಿ. ಇಷ್ಟು ಸುಮ್ಮನಿರೋ ಓಣಿ ಸಾಹೇಬರ ಕಿವಿಗೂ ಬೀಳುತ್ತೆ ಒಂದಿನ. ಅವರು ಕಾಫಿ ಕುಡಿಯಲ್ಲ."

ಗಾಡಿಗಳು ಹೋದವು. ಹಾಜಾ ಬತೂಲ್ ಚಾಪೆಯ ಮೇಲೆ ಕುಸಿದು, ತೋಬಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ಯಾರಿಗೂ ಹೇಳಬೇಡ್ವೇ, ನಾನು ಕದ್ದು ಕುಡೀತಿದ್ದೆ ಅಂತ" ಎಂದಳು. ಸಿತ್ತನಾ ಅವಳ ತಲೆಯನ್ನು ಮಡಿಲಿಗೆಳೆದುಕೊಂಡು ಹಣೆ ಒತ್ತಿದಳು.

ಸಂಜೆ ತಸಾಬೀಹ್ ಮನೆಗೆ ಮರಳಿದಳು, ಹಿಂದೆಯೇ ಮುಜಮ್ಮಿಲ್ ಬಂದ. ಮುಜಮ್ಮಿಲ್ ಎಲ್ಲ ಕೇಳಿದ.

"ಬೆದರಿಸಿದ್ನಾ, ಉಳಿಸಿದ್ನಾ?"

"ಗೊತ್ತಿಲ್ಲಪ್ಪ," ಎಂದಳು ಸಿತ್ತನಾ. "ಬೂಟು ಚಾಪೆಗೆ ತಾಗಿಸಲಿಲ್ಲ. ಅಷ್ಟೇ ಗೊತ್ತು."

"ಯಾವುದೇ ಆಗಲಿ, ಒರಳು ಮುಗೀತು. ಇನ್ನೊಂದು ಗುರುತು ಹುಡುಕಿದ್ರೆ ಅದನ್ನೂ ಕಲೀತಾರೆ," ಎಂದಳು ತಸಾಬೀಹ್. "ಗುರುತೇ ಬೇಡ. ಒಂದು ಗಂಟೆಯೂ ಬೇಡ. ಒಂದೊಂದು ಓಣಿ ತನ್ನ ಹೊತ್ತು ತಾನೇ ಆರಿಸಿಕೊಳ್ಳಲಿ, ಹತ್ತಿಪ್ಪತ್ತು ಜನ ಸಾಕು, ಐದು ನಿಮಿಷ ಕೂಗಿ ಗೋಡೆ ಬಾಗಿಲುಗಳಿಂದ ಮಾಯ. ಅಷ್ಟರಲ್ಲಿ ಇನ್ನೊಂದು ಓಣಿ. ಗಾಡಿಗಳು ಸುತ್ತಿ ಸುತ್ತಿ ಸಾಯಲಿ. ಯಾರು ಯಾವಾಗ ಅಂತ ಪಕ್ಕದ ಓಣಿಗೂ ಗೊತ್ತಿರಬಾರದು. ಗೊತ್ತಿಲ್ಲದ್ದನ್ನ ಹೊಡೆದು ಬಾಯಿ ಬಿಡಿಸೋಕಾಗಲ್ಲ."

"ಮತ್ತೆ ಕಾಫಿ?" ಹಾಜಾ ಬತೂಲ್ ಆಸೆಯಿಂದ ಕೇಳಿದಳು.

"ಕಾಫಿ ದಿನಾ ಕುಟ್ಟಿ, ಹಾಜಾ. ಓಣಿಯೆಲ್ಲ ಕುಟ್ಟಲಿ. ಜೋರಾಗಿ."

ಮುಜಮ್ಮಿಲ್ ತಲೆಯಾಡಿಸಿದ. ಅವನು ಹೋದ ಮೇಲೆ ತಸಾಬೀಹ್ ತಾಯಿಯ ಪಕ್ಕ ಕೂತಳು.

"ಯುಮ್ಮಾ, ಇನ್ನು ಮೇಲೆ ನಾನು ಹೊರಡೋದು ನಿನಗೂ ಹೇಳಲ್ಲ."

ಸಿತ್ತನಾ ಒರಳನ್ನು ಹತ್ತಿರಕ್ಕೆಳೆದುಕೊಂಡು ಅಂಚು ಒರೆಸಿದಳು. ಇಷ್ಟು ದಿನ ಅವಳ ಕೂಗು, ಅವಳ ಒನಕೆ. ಮಗಳು ಯಾವ ಗಳಿಗೆಯಲ್ಲಿ ಬೀದಿಗೆ ಕಾಲಿಟ್ಟಳೆಂದು ಅವಳಿಗೆ ತಿಳಿದಿರುತ್ತಿತ್ತು, ಅಪಾಯವಿದ್ದರೆ ತಡೆಯಬಹುದಿತ್ತು. ಈಗ ಅದೂ ಕೈಬಿಟ್ಟಿತು. ಮಗಳು ಹೇಳುವುದು ಸರಿಯೆಂದು ತಿಳಿದಿದ್ದರಿಂದಲೇ ಅವಳಿಗೆ ಇನ್ನಷ್ಟು ಭಯವಾಯಿತು.

ಭಾನುವಾರ ನಡುಹಗಲಿಗೆ ಓಣಿಯಲ್ಲಿ ಒರಳುಗಳೆಲ್ಲ ಒಟ್ಟಿಗೆ ಎದ್ದವು. ಎದುರುಮನೆಯ ಅತ್ತೆ ಇಷ್ಟು ದಿನದ ಸಿಟ್ಟನ್ನೆಲ್ಲ ಒನಕೆಗೆ ಹಾಕಿ ಕುಟ್ಟುತ್ತಿದ್ದಳು. ಮೂಲೆಯಲ್ಲಿ ಎರಡು ಗಾಡಿಗಳು ನಿಂತಿದ್ದವು. ಸಿತ್ತನಾಳೂ ಕುಟ್ಟುತ್ತಿದ್ದಳು. ಟಕ್, ಟಕ್, ಅಂಚಿಗೊಂದು ತಟ್ಟು. ತಸಾಬೀಹ್ ಒಳಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಸಿತ್ತನಾ ತಲೆಯೆತ್ತಿ ನೋಡಿದಾಗ ಬಾಗಿಲಲ್ಲಿ ಪರದೆ ಅಲುಗಾಡುತ್ತಿತ್ತು. ಗಾಳಿಗೋ, ಯಾರಾದರೂ ದಾಟಿ ಹೋದದ್ದಕ್ಕೋ ತಿಳಿಯಲಿಲ್ಲ. ಒಳಗಿನಿಂದ ಸಪ್ಪಳ ಬರುತ್ತಿದೆಯೇ ಎಂದು ಕೇಳಬೇಕೆನಿಸಿತು, "ತಸಾಬೀಹ್" ಎಂದು ಒಮ್ಮೆ ಕರೆಯಬೇಕೆನಿಸಿತು, ಎದ್ದು ಹೋಗಿ ನೋಡಬೇಕೆನಿಸಿತು.

ಆದರೆ ಸೂಲಗಿತ್ತಿಯ ಮನೆಯ ಒರಳು ನಡುವೆ ನಿಂತರೆ ಮೂಲೆಯಲ್ಲಿ ಕೂತವರಿಗೆ ಆ ಮೌನವೂ ಕೇಳಿಸುತ್ತದೆ. ಬೀಜ ಪುಡಿಯಾಗಿ ಎಷ್ಟೋ ಹೊತ್ತಾಗಿತ್ತು. ಅವಳು ಕುಟ್ಟುತ್ತಲೇ ಇದ್ದಳು.